ವಾಸನೆಯಿಲ್ಲದ ಗ್ಯಾಸು

ಬೆಳಿಗ್ಗೆಯಿಂದ ಸೈರನ್ ಒಂದೇ ಸಮನೆ ಅರಚುತ್ತಿತ್ತು. ಮಡಕಶಿರಾದ ಹೊಸ ಕೋಲ್ಡ್ ಸ್ಟೋರೇಜಿನ ಯಜಮಾನ ಲಕ್ಷ್ಮೀನರಸಪ್ಪ ಅಂಗಳದಲ್ಲಿ ನಿಂತಲ್ಲಿ ನಿಲ್ಲದೆ ಸುತ್ತುತ್ತಿದ್ದ. ಒಳಗೆ ಸುತ್ತಲಿನ ಹಳ್ಳಿಗಳ ಹುಣಸೆಹಣ್ಣೆಲ್ಲ ಇತ್ತು. ಹೊರಗೆ ಏಪ್ರಿಲ್ ಬಿಸಿಲು. “ಗ್ಯಾಸು ಸೋರುತ್ತಿದೆ, ಸಾಯಂಕಾಲ ಬರುತ್ತೇವೆ, ಅಲ್ಲಿಯವರೆಗೆ ಯಾರೂ ಒಳಗೆ ಹೋಗಬೇಡಿ” ಎಂದು ಕಂಪನಿಯವರು ಫೋನಿನಲ್ಲಿ ಹೇಳಿದ್ದರು. ಸಾಯಂಕಾಲದವರೆಗೆ ಕಾಯುವ ಜೀವ ಅವನದಲ್ಲ. ಮಗಳ ಮನೆಗೆಂದು ಊರಿಗೆ ಬಂದಿದ್ದ ರಾಯದುರ್ಗದ ಮೆಕ್ಯಾನಿಕ್ ರುದ್ರಮುನಿಯನ್ನು ಊಟದ ತಟ್ಟೆಯ ಮುಂದಿನಿಂದಲೇ ಎಬ್ಬಿಸಿ ಕರೆತಂದ.

ರುದ್ರಮುನಿ ಮೂವತ್ತು ವರ್ಷ ಐಸ್ ಫ್ಯಾಕ್ಟರಿಗಳಲ್ಲಿ ಅಮೋನಿಯಾ ಜೊತೆ ಬಾಳಿದವನು. ಅದು ಚೂರು ಸೋರಿದರೂ ಮೂಗು ಉರಿದುಹೋಗುತ್ತದೆ. ಹಾಗಾಗಿ ಅವನಿಗೆ ಮೂಗೇ ಮೀಟರು. ಬಾಗಿಲನ್ನು ಗೇಣಗಲ ತೆರೆದು ಮೂಸಿ ನೋಡಿದ. ಇನ್ನೊಮ್ಮೆ ಮೂಸಿದ.

“ವಾಸನೀನ ಇಲ್ರಿ. ಏನೋ ಸಣ್ಣ ಲೀಕು. ಹಿಂದಿನ ವಾಲ್ವ್ ತಿರುವಿದ್ರ ಮುಗೀತು. ಈ ಸೈರನ್ನಿಗೆ ಯಾಕ ಹೆದರ್ತೀರಿ?” ಎಂದವನೇ ಅದರ ವೈರು ಕಿತ್ತ. ಅಂಗಳ ಒಮ್ಮೆಲೇ ತಣ್ಣಗಾಯಿತು.

“ನಾನೂ ಅದನ್ನೇ ಹೇಳಿದ್ದು!” ಲಕ್ಷ್ಮೀನರಸಪ್ಪನಿಗೆ ಜೀವ ಬಂತು. “ಇಲ್ಲಿ ತಂಪು ಮಾಡೋದು ಕಾರ್ಬನ್ ಡೈಆಕ್ಸೈಡು. ಹಳೇ ಗ್ಯಾಸುಗಳಷ್ಟು ಭೂಮೀನ ಕಾಯಿಸಲ್ಲ, ಬೆಂಕಿ ಹತ್ತಲ್ಲ. ಸೋಡಾದಲ್ಲಿ ಹಾಕ್ತಾರಲ್ಲ, ಅದೇ. ಏ ರಾಮಾಂಜಿ, ಒಳಗೋಗಿ ವಾಲ್ವ್ ತಿರುವಿ ಬಾ.”

ಮೂಟೆಗಳ ಸಂದಿಯಲ್ಲಿ ರುದ್ರಮುನಿಯ ಹೊಟ್ಟೆ ತೂರುವಂತಿರಲಿಲ್ಲ. ಮೂಟೆ ಹೊರುವ ರಾಮಾಂಜಿ ತಲೆಗೆ ಟವೆಲ್ ಸುತ್ತಿಕೊಂಡು ಹೊರಟ. ಬೇವಿನ ನೆರಳಲ್ಲಿ ಹುಣಸೆಬೀಜ ಬಿಡಿಸುತ್ತಿದ್ದ ಅವನ ಅತ್ತೆ ಕೆಂಪಕ್ಕ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು. ಅವಳ ಮಗಳು, ರಾಮಾಂಜಿಯ ಹೆಂಡತಿ ಗಂಗೋತ್ರಿ ಐದು ತಿಂಗಳ ಬಸುರಿ.

“ನಿಂತ್ಕಳಪ್ಪ. ನೆಲದಾಗಿನ ಹಗೇವಿಂದ ರಾಗಿ ತೆಗೆಯೋಕೆ ಮುಂಚೆ ದೀಪ ಇಳಿಸಿ ನೋಡ್ತಿರಲಿಲ್ವಾ? ದೀಪ ಆರಿದ್ರೆ ಯಾರೂ ಇಳೀತಿರಲಿಲ್ಲ. ನಮ್ ದೊಡ್ಡಪ್ಪ ನೋಡ್ದಲೆ ಇಳಿದ, ಮೇಲಕ್ಕೆ ಬರಲೇ ಇಲ್ಲ. ಅಲ್ಲೂ ರಾಗಿ ವಾಸ್ನೆ ಬಿಟ್ರೆ ಇನ್ನೇನೂ ಇರಲಿಲ್ಲ.”

“ಹಗೇವಿಗೂ ಫ್ರಿಜ್ಜಿಗೂ ಏನ್ ಸಂಬಂಧರಿ?” ರುದ್ರಮುನಿ ನಕ್ಕ.

ಕೆಂಪಕ್ಕ ಆಫೀಸಿನ ದೇವರ ಪಟದ ಮುಂದಿದ್ದ ದೀಪವನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದಳು. ಹಚ್ಚಿ, ಮೊರದ ಮೇಲಿಟ್ಟು, ಬಾಗಿಲ ಹೊರಗೆ ನಿಂತೇ ಬಿದಿರು ಗಳುವಿನಿಂದ ನೆಲದ ಮೇಲೆ ಒಳಕ್ಕೆ ತಳ್ಳಿದಳು. ಎರಡು ಮಾರು ಹೋಗುವಷ್ಟರಲ್ಲಿ ಕುಡಿ ಸಣ್ಣಗಾಗಿ ಆರಿತು.

“ಫ್ಯಾನಿನ ಗಾಳಿರಿ ಅದು,” ಎಂದ ರುದ್ರಮುನಿ.

“ಫ್ಯಾನು ನಿಂತು ಎಷ್ಟೊತ್ತಾತು,” ಎಂದ ರಾಮಾಂಜಿ.

ಕೆಂಪಕ್ಕ ಮೊರ ಎಳೆದು ಮತ್ತೆ ಹಚ್ಚಿ ತಳ್ಳಿದಳು. ಅದೇ ಜಾಗಕ್ಕೆ ಹೋಗಿ ಮತ್ತೆ ಆರಿತು. ದೀಪವಿದ್ದ ಆ ಎತ್ತರದಲ್ಲೇ ಬಗ್ಗಿ, ಮೂಟೆಗಳ ಸಂದಿಯಲ್ಲಿ ತೆವಳಿಕೊಂಡು ಹೋಗಬೇಕಿದ್ದ ರಾಮಾಂಜಿ ತಲೆಯ ಟವೆಲ್ ಬಿಚ್ಚಿ ಬಿಸಿಲಲ್ಲೇ ಕುಳಿತ. ರುದ್ರಮುನಿ ಬಾಗಿಲನ್ನು ಮೆಲ್ಲಗೆ ಮುಚ್ಚಿ ದೂರ ಸರಿದ.

ಲಕ್ಷ್ಮೀನರಸಪ್ಪ ಮಾತ್ರ ಗಡಿಯಾರ ನೋಡಿದ, ಬಾಗಿಲು ನೋಡಿದ, ಮತ್ತೆ ಗಡಿಯಾರ ನೋಡಿದ.

“ಅಲ್ಲಾ ಕೆಂಪಕ್ಕ, ಸಾಯಂಕಾಲದವರೆಗೂ ಒಳಗಿರೋ ಹುಣಸೇಹಣ್ಣಿನ ಗತಿ ಏನು?”

ಕೆಂಪಕ್ಕ ಅಳಿಯನ ಬೆನ್ನ ಮೇಲೆ ಕೈಯಿಟ್ಟಳು. ಅದು ಏರಿ ಇಳಿಯುತ್ತಿತ್ತು.

“ಹುಣಸೇಹಣ್ಣು ಉಸಿರಾಡಲ್ಲ, ಸಾಮಿ.”