ಧ್ವನಿ ಪರೀಕ್ಷೆ

"ಸಾರ್, ನಿಮ್ಮ ದನೀನ ಮೊದಲು ಗುರುತಿಸಿದ್ದು ಯಾರು?"

ಹೊಸದಾಗಿ ಸೇರಿದ ಹುಡುಗಿ ಮೈಕಿನ ಮುಂದೆ ಹೀಗೆ ಕೇಳಿದಾಗ ಹಿರಿಯ ರೇಡಿಯೊ ಜಾಕಿ ತನ್ನ ಸೊಟ್ಟ ದವಡೆಯನ್ನು ಸವರಿಕೊಂಡ.

ಬಹಳ ಹಿಂದೆ ಒಂದು ದಿನ ಇವನು ಇದೇ ಕೇಂದ್ರಕ್ಕೆ ಧ್ವನಿ ಪರೀಕ್ಷೆಗೆ ಬಂದಿದ್ದ. ಆಗ ಇಲ್ಲಿದ್ದ ಹೆಸರಾಂತ ಜಾಕಿಯ ದನಿಯನ್ನು ವರ್ಷಗಟ್ಟಲೆ ಅನುಕರಿಸಿ ಪಳಗಿದ್ದ. ಸರದಿ ಬರುವ ಮೊದಲೇ ಗಾಜಿನ ಬಾಗಿಲು ಪುಡಿಯಾಯಿತು. ಕಬ್ಬಿಣದ ಸಲಾಕೆ ಹಿಡಿದವರು ಒಳನುಗ್ಗಿದರು.

"ರೇಡಿಯೋದಲ್ಲಿ ನಮ್ಮಣ್ಣನ್ನ ಗೇಲಿ ಮಾಡ್ದೋನು ಯಾವನ್ಲಾ?"

ಜಾಕಿಯ ಮುಖ ಅವರಿಗೆ ಗೊತ್ತಿರಲಿಲ್ಲ, ದನಿ ಮಾತ್ರ ಗೊತ್ತಿತ್ತು. ಅಲ್ಲಿದ್ದವರ ಕೊರಳಪಟ್ಟಿ ಹಿಡಿದು ಒಬ್ಬೊಬ್ಬರಿಂದಲೂ "ನಮಸ್ಕಾರ ಕೇಳುಗರೇ" ಎಂದು ಹೇಳಿಸಿದರು. ಹೆಸರಾಂತ ಜಾಕಿಯ ಬಾಯಿಂದ ಭಯಕ್ಕೆ ಬರೀ ಕೀರಲು ದನಿ ಹೊರಟಿತು.

"ಇವನಲ್ಲ, ಬಿಡ್ಲಾ," ಎಂದು ಅವನನ್ನು ಗೋಡೆಗೆ ನೂಕಿ, ಇವನತ್ತ ತಿರುಗಿದರು. "ನೀನು ಬೊಗಳು."

ಸಲಾಕೆ ಕೆನ್ನೆಗೆ ಒತ್ತಿತ್ತು. ಆ ಹೆದರಿಕೆಯಲ್ಲಿ ಇವನಿಗೆ ಸ್ವಂತ ದನಿಯೇ ಮರೆತುಹೋಗಿ, ಕಲಿತ ದನಿ ಬಾಯಿಗೆ ಬಂತು. ತುಂಬುಗಂಠದಲ್ಲಿ, ಒಂದಿಷ್ಟೂ ನಡುಗದೆ, "ನಮಸ್ಕಾರ ಕೇಳುಗರೇ" ಎಂದ.

"ಇವನೇ ಕಣ್ರೋ! ದಿನಾ ಕೇಳ್ತೀನಿ, ನಂಗೊತ್ತಾಗಲ್ವಾ?" ಎನ್ನುತ್ತ ಅವರಲ್ಲೊಬ್ಬ ಸಲಾಕೆ ಬೀಸಿದ.