ಮೇಲಿನ ಪದರದ ವಾಸನೆ

ಇಂಗ್ಲೆಂಡಿನ ಆ ಹಳೆಯ ಕೋಟೆಯೂರಿನಲ್ಲಿ ನೆಲ ಅಗೆದರೆ ಪ್ರತಿ ಪದರದಿಂದಲೂ ಅದರ ಕಾಲದ ವಾಸನೆ ಏಳುತ್ತಿತ್ತು. ಒಂದೇ ಉಸಿರಿನಷ್ಟು, ಒಬ್ಬರಿಗೆ ಮಾತ್ರ. ಆಮೇಲೆ ಬರೀ ಮಣ್ಣು.

ಅದನ್ನು ಮೂಸಿ ಬರೆದಿಡುವುದು ಶರ್ವಾಣಿಯ ಕೆಲಸ. ರೋಮನ್ನರ ಕಾಲದ ಬ್ರೆಡ್ಡು, ಪಾಳುಬಿದ್ದ ಚರ್ಚಿನ ಮೇಣದಬತ್ತಿ, ಎಲ್ಲವನ್ನೂ ಅವಳ ಮೂಗು ಕಂಡಿತ್ತು. ಹಿರಿಯಳೆಂದು ಕೆಳಗಿನ ಪುರಾತನ ಪದರಗಳನ್ನು ತನಗಿಟ್ಟುಕೊಂಡು, ಮೇಲಿನ ನಿನ್ನೆಮೊನ್ನೆಯದನ್ನು ಹೊಸಬ ಗ್ರಹಾಂಗೆ ಬಿಡುತ್ತಿದ್ದಳು.

ಇವತ್ತು ಅವನು ರೋಮನ್ ಗೋಡೆಯ ಪಕ್ಕ ಮೇಲಿನ ಪದರದಿಂದ ನೆಲದ ಟೈಲೊಂದನ್ನು ಎತ್ತಿ, ಮೂಸಿ, ಕೆಮ್ಮಿದ.

"ಏನು ಬಂತು?" ಶರ್ವಾಣಿ ಪೆನ್ನು ತೆಗೆದಳು.

"ಯಾರದೋ ಅಡುಗೆಮನೆ. ಕಾದ ಎಣ್ಣೇಲಿ ಸಣ್ಣ ಕಾಳು ಸಿಡಿದ ಹಾಗೆ. ಯಾವುದೋ ಹಸಿ ಎಲೆ. ಆಮೇಲೆ ಘಾಟು, ಕಣ್ಣಲ್ಲಿ ನೀರೇ ಬಂತು."

ಅವಳು ಗುಂಡಿಗಿಳಿದು ಟೈಲನ್ನು ಒರೆಸಿದಳು. ನೀಲಿ ಹೂವು, ಮುರಿದ ಮೂಲೆ. ಅಮ್ಮ ಊರಿನಿಂದ ತಂದಿದ್ದ ಕಲ್ಲಿನ ಕುಟ್ಟಾಣಿಯನ್ನು ಅದರ ಮೇಲೆ ಬೀಳಿಸಿದವಳು ಏಳು ವರ್ಷದ ತಾನೇ. ತಾನು ಬೆಳೆದ ಬೀದಿಯನ್ನೇ ಎಂದೋ ಕೆಡವಿದ್ದರಿಂದ ತಮ್ಮ ಮನೆಯಿದ್ದ ಜಾಗದ ಗುರುತು ಸಿಕ್ಕಿರಲಿಲ್ಲ. ಅಮ್ಮನೂ ಹೋಗಿ ವರ್ಷಗಳಾಗಿದ್ದವು.

ಬಗ್ಗಿ ಮೂಸಿದಳು. ಬರೀ ಮಣ್ಣು.

"ಬರ್ಕೊಂಡ್ರಾ?" ಗ್ರಹಾಂ ಕೇಳಿದ.

"ಇಲ್ಲ. ಇನ್ನೊಂದ್ಸಲ ಹೇಳು," ಎಂದಳು. "ನಿಧಾನವಾಗಿ. ಕಾಳು ಸಿಡಿದ ಮೇಲೆ?"