ಅಕ್ಕನ ತಟ್ಟೆಯ ಬಿಸ್ಕತ್ತು

ಯಂತ್ರದ ಕೈ ತಟ್ಟೆಯ ಮೇಲೆ ಬಂದು ನಡುಗುತ್ತ ನಿಂತಿತು. ಕತ್ತಿನ ಕೆಳಗೆ ಮೈ ಅಲುಗದ ಲಾರಿ ಡ್ರೈವರ್ ತಲೆಗೆ ವೈರುಗಳ ಟೋಪಿ ಹಾಕಿಕೊಂಡು ಗಾಲಿಕುರ್ಚಿಯಲ್ಲಿ ಕೂತಿದ್ದ. ಅವನು ಮನಸ್ಸಿನಲ್ಲಿ ನೆನೆದತ್ತ ಆ ಕೈ ಹೋಗಬೇಕಿತ್ತು. “ನಿಮ್ಮ ತಟ್ಟೇಲಿರೋ ಬಿಸ್ಕತ್ತು ತಗೊಳ್ಳಿ ಸಾರ್, ಅವಸರ ಬೇಡ,” ಎಂದಳು ಎಂಜಿನಿಯರ್ ಹುಡುಗಿ.

ಕೈ ಅವನ ತಟ್ಟೆಯನ್ನು ದಾಟಿ ಮೇಜಿನಾಚೆ ಸರಿಯಿತು. “ಅರೆ, ದಾರಿ ತಪ್ತಲ್ಲ!” ಎಂದು ಹುಡುಗಿ ಕಂಪ್ಯೂಟರಿನತ್ತ ಬಾಗಿದಳು. ದಾರಿಯೇನೂ ತಪ್ಪಿರಲಿಲ್ಲ. ಎದುರಿಗೆ ಕೂತಿದ್ದ ಅವನ ಅಕ್ಕನ ತಟ್ಟೆಯಿಂದ ಕ್ರೀಮ್ ಬಿಸ್ಕತ್ತನ್ನು ಅದು ಮೆಲ್ಲಗೆ ಎತ್ತಿತು.

ಅಪಘಾತವಾದ ಮೇಲೆ ಅಕ್ಕ ತಮ್ಮನನ್ನು ಗಾಜಿನ ಗೊಂಬೆಯ ಹಾಗೆ ನೋಡಿಕೊಂಡಿದ್ದಳು. ತಿಂಡಿಯಲ್ಲಿ ದೊಡ್ಡ ಪಾಲು ಅವನಿಗೇ, ಅಪ್ಪಿತಪ್ಪಿಯೂ ಒಂದು ಬೈಗುಳವಿಲ್ಲ. ಈಗ ಮಾತ್ರ ಅವಳ ಕೈ ತಾನಾಗಿಯೇ ಎದ್ದು ಆ ಲೋಹದ ಬೆರಳುಗಳ ಮೇಲೆ ಫಟ್ಟನೆ ಬಿತ್ತು. “ಕತ್ತೆ! ಚಿಕ್ಕಂದಿನಿಂದ ಇದೇ ಬುದ್ಧಿ ನಿಂದು!” ಎಂದವಳೇ ಗಾಬರಿಯಿಂದ ಬಾಯಿ ಮುಚ್ಚಿಕೊಂಡಳು.

“ಅಯ್ಯಯ್ಯೋ, ನೋವಾಯ್ತು ಕಣೇ!” ಎಂದು ತಮ್ಮ ಕೂಗಿದ.

“ಆ ಕೈಗೆ ನೋವು ಗೊತ್ತಾಗಲ್ಲ ಸಾರ್…” ಹುಡುಗಿ ಗೊಂದಲದಿಂದ ಹೇಳಿದಳು.

“ನೀನು ಸುಮ್ನಿರಮ್ಮ,” ಎಂದ ಅವನು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತ. “ಅಕ್ಕಾ, ಇನ್ನೊಂದು ಹೊಡಿ.”